ಗುಂಡಗುರ್ತಿ ಮದುವೆಯ ಒಂದು ತುಣುಕು

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕಾಯಿಸಿ, ಇಳಿಸುವ ಮುಂಚೆ ಚಿಟಿಕೆ ಮೈಲುತುತ್ತ ಹಾಕಿದರೆ ಆ ಅಂಟಿಗೆ ಹುಳ ಹತ್ತುವುದಿಲ್ಲ. ಈಗ ಯಾರಿಗೂ ಬೇಡದ ವಿದ್ಯೆ. ಆದರೂ ಮೊನ್ನೆ ಮಾಳಿಗೆಯ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದಾಗ ಮೊದಲು ಮೂಗಿಗೆ ಬಂದದ್ದು ಅದೇ ವಾಸನೆ. ಟ್ರಂಕಿನ ತುಂಬ ಕಪ್ಪು ವಿಡಿಯೊ ಕ್ಯಾಸೆಟ್ಟುಗಳು. ಒಂದನ್ನು ಎತ್ತಿಕೊಂಡೆ. ಮೇಲಿನ ಚೀಟಿಯಲ್ಲಿ ನನ್ನದೇ ಅಕ್ಷರ: ಐನಾಪುರ, ಚಿಂಚೋಳಿ ತಾಲೂಕು, ಲಗ್ನ. ಚೀಟಿಯ ಮೂಲೆ ಎದ್ದಿತ್ತು. ಎದ್ದ ಮೂಲೆಯನ್ನು ಎಳೆಯದೆ ಬಿಡುವವರು ಇರುತ್ತಾರೇನೋ, ನಾನಂತೂ ಅಲ್ಲ. ಎಳೆದೆ. ಕೆಳಗೆ ಇನ್ನೊಂದು ಚೀಟಿ ಇತ್ತು. ಅದರ ಮೇಲೆಯೂ ನನ್ನದೇ ಅಕ್ಷರ: ಸುಜಾತಾ, ಮಿಲಿಂದ, ಗುಂಡಗುರ್ತಿ.

ಕೈ ಅಲ್ಲಿಗೆ ನಿಂತಿತು.

ನಮ್ಮದು ಶಹಾಬಾದದ ಹಳೆಯ ಮನೆ. ಮಾವನವರು ಶಾಲೆಯ ಮಾಸ್ತರರು, ಸಂಜೆ ಗುಡಿಯಲ್ಲಿ ಪುರಾಣ ಹೇಳುತ್ತಿದ್ದವರು. ಅವರ ಹಿರಿಯ ಮಗ, ಎಂದರೆ ನಮ್ಮ ಮನೆಯವರು, ಹೆಗಲ ಮೇಲೆ ಕ್ಯಾಮರಾ ಹೊತ್ತು ಮಂದಿಯ ಮದುವೆ ತೆಗೆಯುವವರಾದರು. ಅತ್ತೆಯವರಿಗೆ ಇದು ಕೊನೆಯತನಕ ನುಂಗಲಾಗದ ತುತ್ತಾಗಿತ್ತು. ‘ಏನ್ ಕೆಲಸಾ ಮಾಡ್ತಾನ ನಿಮ್ಮ ಮಗಾ’ ಎಂದು ಯಾರಾದರೂ ಕೇಳಿದರೆ ‘ಊರೂರು ಲಗ್ನಕ್ಕ ಹೋಗ್ತಾನ್ರಿ’ ಎಂದಷ್ಟೇ ಹೇಳುತ್ತಿದ್ದರು. ಕೇಳಿದವರು ಪುರೋಹಿತನೆಂದು ತಿಳಿದರೆ ತಿಳಿಯಲಿ ಎಂಬ ಆಸೆ.

ನಾನೂ ಈ ಕೆಲಸದಲ್ಲಿ ಪಾಲುದಾರಳೇ. ಹೆಣ್ಣುಮಕ್ಕಳು ಕುಳಿತಲ್ಲಿ ಗಂಡಸರು ಲೈಟು ಹಿಡಿದು ನಿಂತರೆ ಕೆಲವರ ಮನೆಯಲ್ಲಿ ಸೇರುತ್ತಿರಲಿಲ್ಲ. ಹಾಗಾಗಿ ಆ ಹೊತ್ತಿಗೆ ಲೈಟು ನನ್ನ ಕೈಗೆ. ಅದರ ಝಳಕ್ಕೆ ಮದುಮಗಳ ಹಣೆಯ ಕುಂಕುಮ ಮೂಗಿಗೆ ಇಳಿಯುತ್ತಿತ್ತು, ನನ್ನ ಮುಂಗೈ ಹಪ್ಪಳವಾಗುತ್ತಿತ್ತು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ, ಎಲ್ಲ ಕಡೆಯ ಬೀಗರ ಮುನಿಸನ್ನೂ ನಾನು ಆ ಬೆಳಕಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ಸಿಟ್ಟಾದವರು ಕ್ಯಾಮರಾ ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ನಗುತ್ತಿದ್ದರು, ಕ್ಯಾಮರಾ ಅತ್ತ ತಿರುಗಿದ ಮೇಲೆ ಮುನಿಸನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು.

ಒಳ್ಳೆಯ ಕ್ಯಾಸೆಟ್ಟು ಹೈದರಾಬಾದಿನಿಂದ ಬರಬೇಕು. ಬಂದ ಕ್ಯಾಸೆಟ್ಟನ್ನು ಒಂದೇ ಮದುವೆಗೆ ಬಳಸಿ ಇಟ್ಟುಬಿಡುವ ಶ್ರೀಮಂತಿಕೆ ನಮ್ಮ ಸೀಮೆಯ ಯಾವ ಸ್ಟುಡಿಯೊಕ್ಕೂ ಇರಲಿಲ್ಲ. ಮಿಕ್ಸಿಂಗ್ ಮಾಡಿ ಪಾರ್ಟಿಗೆ ಅವರ ಕಾಪಿ ಕೊಟ್ಟ ಮೇಲೆ, ಕ್ಯಾಮರಾದ ಮೂಲ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ. ಹಳೆಯ ಚೀಟಿಯ ಮೇಲೆ ಹೊಸ ಚೀಟಿ. ಕಂಪ್ಯೂಟರು ಬಂದ ಮೇಲಂತೂ ಇದು ಇನ್ನೂ ಸಲೀಸಾಯಿತು. ಹೈದರಾಬಾದಿನಿಂದ ಒಂದು ಕಾರ್ಡು ತಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸಿದರು. ಕ್ಯಾಸೆಟ್ಟು ಹಾಕಿದರೆ ಮದುವೆ ಆ ಕಾರ್ಡಿನ ಮೂಲಕ ಒಳಗೆ ಹೋಗಿ ಕುಳಿತುಕೊಳ್ಳುತ್ತಿತ್ತು. ಅಂದೇ ಸಂಜೆಗೆ ಕ್ಯಾಸೆಟ್ಟು ಖಾಲಿ ಎಂದು ಲೆಕ್ಕ. ಕಂಪ್ಯೂಟರನ್ನು ಇಟ್ಟದ್ದು ದೇವರ ಮನೆಯ ಪಕ್ಕದ ಖೋಲಿಯಲ್ಲಿ. ಫರ್ಸಿ ಕಲ್ಲಿನ ನೆಲ, ದಪ್ಪ ಗೋಡೆ, ಬೇಸಿಗೆಯಲ್ಲೂ ತಣ್ಣಗಿದ್ದ ಜಾಗ ಅದೊಂದೇ. ಅತ್ತೆ ಅದಕ್ಕೆ ದಿನಾ ಬೆಳಿಗ್ಗೆ ಒಗೆದ ಬಟ್ಟೆಯನ್ನೇ ಹೊದಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿದ್ದರು.

ಒಂದು ಮದುವೆ ಹೇಗೆ ಆ ಡಬ್ಬಿಯೊಳಗೆ ಹಿಡಿಸುತ್ತದೆ ಎಂದು ನಾನು ಒಮ್ಮೆ ನನ್ನ ಮೈದುನ ವಾಸುದೇವನನ್ನು ಕೇಳಿದ್ದೆ. ಅವನು ಸೇಡಂ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ, ಶನಿವಾರ ವಾಡಿಯಲ್ಲಿ ಗಾಡಿ ಬದಲಿಸಿ ಮನೆಗೆ ಬರುತ್ತಿದ್ದ. ಅವನೆಂದ: ‘ವೈನಿ, ನೀವು ಕಟಕ ರೊಟ್ಟಿ ಮಾಡ್ತೀರಲ್ಲ, ಹಂಗ. ನೀರೆಲ್ಲಾ ತೆಗದು ಒಣಗಿಸಿ ಇಡೂದು. ಬೇಕಾದಾಗ ನೀರು ಚಿಮುಕಿಸಿ ಮೆತ್ತಗ ಮಾಡೂದು. ಒಂದ ಚಿತ್ರಾ ಪೂರಾ ಇಟ್ಟು, ಮುಂದಿನ ಚಿತ್ರದಾಗ ಎಷ್ಟು ಬದಲಾಗ್ಯಾದೋ ಅಷ್ಟ ಬರಕೋತದ.’

‘ಹಂಗಿದ್ರ ಯಾವ ಕಂಪ್ಯೂಟರಿನ್ಯಾಗಾದ್ರೂ ನೀರು ಚಿಮುಕಿಸಬಹುದಲ್ಲಪ್ಪ?’

‘ಅದೇ ತೊಂದ್ರಿ. ಒಣಗಿಸೂ ಪದ್ಧತಿ ಒಂದೊಂದ ಕಂಪನಿದು ಒಂದೊಂದು. ಬಿಚ್ಚೂದು ಅವರಿಗೇ ಗೊತ್ತು, ಹೇಳೂದಿಲ್ಲ.’

ಆಗ ಅದನ್ನು ನಾನು ಸುಮ್ಮನೆ ಕೇಳಿ ಒಲೆಯ ಕಡೆ ಹೋದೆ. ಮುಂದೆ ಅದೇ ಮಾತು ಒಬ್ಬ ಹೆಣ್ಣುಮಗಳ ಕುತ್ತಿಗೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಗುಂಡಗುರ್ತಿಯ ಮದುವೆ ನನಗೆ ನೆನಪಿರಲು ಕಾರಣ ಅದರ ಬಿಳುಪು. ಬೌದ್ಧರ ಮನೆ. ಮದುಮಗಳು ಬಿಳಿ ಸೀರೆ, ಮದುಮಗ ಬಿಳಿ ಅಂಗಿ. ಬುದ್ಧನ ಮೂರ್ತಿಯ ಮುಂದೆ ಮೇಣದ ಬತ್ತಿ. ಬೌದ್ಧ ಭಿಕ್ಷು ಭಂತೇಜಿಯವರು ಹೇಳಿಸಿದ ಮಾತನ್ನು ಇಬ್ಬರೂ ಗಟ್ಟಿಯಾಗಿ ಹೇಳಿದರು, ಹಾರ ಬದಲಿಸಿಕೊಂಡರು, ಮಂದಿ ಅಕ್ಷತೆಯ ಬದಲು ಹೂವಿನ ಎಸಳು ಹಾಕಿದರು. ಬಿಳಿ ಬಟ್ಟೆಯ ಮೇಲೆ ನನ್ನ ಲೈಟು ಬಿದ್ದು ಕಣ್ಣು ಕುಕ್ಕುತ್ತಿತ್ತು. ಮದುಮಗಳು ಸುಜಾತಾ ಮೆಲ್ಲಗೆ ‘ಅಕ್ಕಾ, ಜರಾ ಆ ಕಡಿ ಹಿಡೀರಿ, ಅವರ ಮಾರಿನೇ ಕಾಣವಲ್ದು’ ಎಂದಳು. ತನ್ನ ಮುಖ ಚೆನ್ನಾಗಿ ಬೀಳಲಿ ಎನ್ನುವ ಮದುಮಗಳನ್ನು ಕಂಡಿದ್ದೇನೆ, ಗಂಡನ ಮುಖ ತನಗೆ ಕಾಣಲಿ ಎಂದವಳು ಇವಳೊಬ್ಬಳೇ.

ಗಂಡಿನ ಮನೆ ವಾಡಿಯಲ್ಲಿ. ಅವರ ಕಾಪಿಯನ್ನು ಅವರು ಒಯ್ದರು. ಹೆಣ್ಣಿನ ಅಪ್ಪ ತಮಗೂ ಒಂದು ಬೇಕೆಂದು ಹೇಳಿದ್ದರಿಂದ ಆ ಮದುವೆಯನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡು, ಕ್ಯಾಸೆಟ್ಟನ್ನು ಐನಾಪುರಕ್ಕೆ ಒಯ್ದೆವು. ಅಷ್ಟರಲ್ಲಿ ಒಂದು ಮಧ್ಯಾಹ್ನ ಕರೆಂಟು ಏಕಾಏಕಿ ಏರಿ, ಫ್ಯಾನು ವಿಮಾನದಂತೆ ಕೂಗಿ, ದೇವರ ಮನೆಯ ಪಕ್ಕದ ಖೋಲಿಯಿಂದ ಸುಟ್ಟ ವಾಸನೆ ಬಂತು. ಡಿಸ್ಕು ಉಳಿಯಿತು, ಕಾರ್ಡು ಸತ್ತಿತು. ಹೊಸದು, ಬೇರೆ ಕಂಪನಿಯದು, ತಂದೆವು. ಹಳೆಯದರ ಕಡೆ ಮತ್ತೆ ನೋಡಲಿಲ್ಲ. ಗುಂಡಗುರ್ತಿಯವರೂ ಕಾಪಿ ಕೇಳಲು ಬರಲಿಲ್ಲ.

ಬಂದದ್ದು ಆಮೇಲೆ, ಬೇರೆಯೇ ಕಾರಣಕ್ಕೆ. ಒಂದು ಮುಂಜಾನೆ ಕಟ್ಟೆಯ ಮೇಲೆ ಒಬ್ಬ ಹಿರಿಯರು ಟೋಪಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಬಡಕಲಾದ ಹುಡುಗಿ. ‘ಅಕ್ಕಾ, ಗುರ್ತು ಸಿಗಲಿಲ್ಲೇನ್ರಿ? ಲೈಟ್ ಆ ಕಡಿ ಹಿಡೀರಿ ಅಂದಿದ್ದೆ’ ಎಂದಳು.

ಮಿಲಿಂದ ಚಿತ್ತಾಪುರದ ಸರಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದ. ಮದುವೆಯಾಗಿ ಕೆಲವೇ ತಿಂಗಳಿಗೆ ಕಾಮಾಲೆ ತಲೆಗೇರಿ ತೀರಿಕೊಂಡನಂತೆ. ಅನುಕಂಪದ ಮೇಲೆ ಹೆಂಡತಿಗೆ ಆ ನೌಕರಿ ಬರಬೇಕು. ಆದರೆ ಮಿಲಿಂದನ ಅಣ್ಣ ತಾನೂ ಅರ್ಜಿ ಹಾಕಿದ್ದ. ಸುಜಾತಾ ಅವರಿಗೆ ದೂರದ ಸಂಬಂಧಿ ಬೇರೆ. ‘ಮಾತುಕತಿ ಆಗಿತ್ತು, ಮದುವಿ ಆಗಿಲ್ಲ. ಸೀಕಾದಾಗ ನೋಡಿಕೊಳ್ಳಾಕ ಬಂದು ಇದ್ದಳು’ ಎಂದು ಹೇಳಿಕೆ ಕೊಟ್ಟಿದ್ದ. ಮಿಲಿಂದನ ತಾಯಿಯೂ ಹಿರಿಮಗನ ಮಾತಿಗೆ ಹೆಬ್ಬೆಟ್ಟು ಒತ್ತಿದ್ದಳು. ಫೋಟೊ, ಕ್ಯಾಸೆಟ್ಟು ಎರಡೂ ವಾಡಿಯ ಮನೆಯಲ್ಲಿ; ಕೇಳಿದರೆ ಅಂಥದ್ದೇನೂ ಇಲ್ಲ ಎನ್ನುತ್ತಾರೆ. ಭಂತೇಜಿಯವರು ಮಹಾರಾಷ್ಟ್ರದ ಕಡೆ ಹೋದವರು ಎಲ್ಲಿದ್ದಾರೋ ತಿಳಿಯದು. ಎರಡೂ ಕಡೆಯವರು ಸಾಕ್ಷಿ ಕರೆತಂದರು. ಕಚೇರಿಯ ಸಾಹೇಬರು ಎರಡನ್ನೂ ಬರೆದುಕೊಂಡು, ‘ಇವರದೊಂದು ಮಾತು, ಅವರದೊಂದು ಮಾತು. ಕಣ್ಣಿಗಿ ಕಾಣೂವಂಥದ್ದು ಏನರೆ ಇದ್ರ ತರ್ರಿ’ ಎಂದು ಕೊನೆಯ ತಾರೀಖು ಕೊಟ್ಟಿದ್ದರು. ಸಾಹೇಬರಿಗೂ ವರ್ಗಾವಣೆಯ ಆದೇಶ ಬಂದಿತ್ತು. ಆ ತಾರೀಖು ದಾಟಿದರೆ ಇದ್ದ ಕಾಗದದ ಮೇಲೆಯೇ ತೀರ್ಮಾನ.

‘ನೌಕರಿ ಹೋದ್ರ ಹೋಗ್ಲಿ ಅಕ್ಕಾ’ ಎಂದಳು ಸುಜಾತಾ. ‘ಮದುವಿನೇ ಆಗಿಲ್ಲಂದ್ರ ಆ ಮನ್ಯಾಗ ನಾ ಯಾಕಿದ್ದೆ ಅಂತ ಆಗ್ತದ? ಊರಾಗ ಏನಂತ ತಿರಗಲಿ?’

ನಮ್ಮವರು ಕಂಪ್ಯೂಟರು ಹಚ್ಚಿದರು. ನೋಡಬೇಕಾದರೆ ಅವಳು ದೇವರ ಮನೆ ದಾಟಿ ಒಳಗೆ ಬರಬೇಕು. ಅತ್ತೆ ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಸುಜಾತಾ ಹೊಸ್ತಿಲ ಹೊರಗೇ ನಿಂತಳು. ಅವಳ ಅಪ್ಪ ಇನ್ನೂ ಹಿಂದೆ. ನಾನು ‘ಬಾ’ ಎಂದೆ. ಅತ್ತೆ ತಲೆ ಎತ್ತದೆ ಬತ್ತಿಯ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಅದು ದಾರಿ ಕೊಟ್ಟದ್ದೋ ಮುಟ್ಟಬಾರದೆಂದು ಸರಿಸಿಕೊಂಡದ್ದೋ ಇಂದಿಗೂ ನನಗೆ ಖಚಿತವಿಲ್ಲ. ಸುಜಾತಾ ಒಳಗೆ ಬಂದಳು.

ಡಿಸ್ಕಿನಲ್ಲಿ ಮದುವೆ ಇತ್ತು. ಗುಂಡಗುರ್ತಿ ಎಂಬ ಹೆಸರೂ, ಸಾಲಾಗಿ ತುಂಡುಗಳೂ ಕಂಡವು. ಒತ್ತಿದರೆ ಪರದೆ ಕಪ್ಪಗೆ. ಚಿತ್ರವಿಲ್ಲ, ದನಿಯಿಲ್ಲ. ಆ ಕಾರ್ಡಿನ ಹೊರತು ಅದನ್ನು ಬಿಚ್ಚುವವರಿಲ್ಲ. ಹೈದರಾಬಾದಿಗೆ ಫೋನು ಮಾಡಿದರೆ ವ್ಯಾಪಾರಿ ಉರ್ದುವಿನಲ್ಲಿ ನಿಟ್ಟುಸಿರು ಬಿಟ್ಟ: ಆ ಕಂಪನಿಯೇ ಮುಚ್ಚಿದೆ, ಕಾರ್ಡು ಈಗ ಎಲ್ಲೂ ಸಿಗುವುದಿಲ್ಲ.

ಇದ್ದೂ ಇಲ್ಲದ್ದು ಎಂದರೆ ಏನೆಂದು ಅಂದು ತಿಳಿಯಿತು. ಸುಜಾತಾ ಆ ಕಪ್ಪು ಪರದೆಯನ್ನು ನೋಡುತ್ತ, ‘ಒಳಗ ಅದಾರೇನ್ರಿ ಅವರು?’ ಎಂದು ಕೇಳಿದಳು. ನಮ್ಮವರು ‘ಅದಾರವ್ವ’ ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದರು.

ಆ ಶನಿವಾರ ವಾಸು ಬಂದ. ಅವನೇ ಲೈಬ್ರರಿ ಎಂಬುದೊಂದರ ಮಾತು ತೆಗೆದದ್ದು. ಲೈಬ್ರರಿ ಎಂದ ಕೂಡಲೇ ನನ್ನ ಕಣ್ಣಿಗೆ ಕಪಾಟು, ಪುಸ್ತಕ ಬಂದವು. ಅದಲ್ಲವಂತೆ. ಪ್ರೋಗ್ರಾಮುಗಳ ಗಂಟು. ಈ ಶತಮಾನ ಹುಟ್ಟುವ ಹೊತ್ತಿಗೆ ಯುರೋಪಿನ ಕಡೆಯ ಒಬ್ಬಾತ ಶುರುಮಾಡಿದನಂತೆ. ಯಾವ ಯಾವ ಕಂಪನಿ ಚಿತ್ರವನ್ನು ಯಾವ ಯಾವ ರೀತಿ ಒಣಗಿಸಿಟ್ಟಿದೆಯೋ ಅದನ್ನೆಲ್ಲ ಬಿಚ್ಚುವ ವಿದ್ಯೆ ಒಂದೆಡೆ ಸೇರಬೇಕು, ಯಾರಾದರೂ ನೋಡಬಹುದು, ಒಯ್ಯಬಹುದು, ತಿದ್ದಬಹುದು. ಆತ ಬೇರೆ ಕೆಲಸಕ್ಕೆ ಹೋದ ಮೇಲೆ ಬೇರೆಯವರು ಹೆಗಲು ಕೊಟ್ಟರು. ಒಬ್ಬರ ಮುಖ ಒಬ್ಬರು ನೋಡದ ನಾನಾ ದೇಶದವರು, ಸಂಬಳವಿಲ್ಲ, ಮನೆಯಲ್ಲಿ ಕುಳಿತು ಮಾಡುವವರು. ಕಂಪನಿ ಬಿಚ್ಚುವುದನ್ನು ಹೇಳಿಕೊಡದಿದ್ದರೆ ಇವರೇ ತಿರುವಿ ಮುರುವಿ ನೋಡಿ ಕಂಡುಹಿಡಿಯುತ್ತಾರೆ. ಅವರೊಳಗೂ ಜಗಳ ವಿಪರೀತವಂತೆ. ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ ಅವರೂ ಪಾಲಾಗಿ ಎರಡು ಮನೆ ಮಾಡಿಕೊಂಡರೆಂದು ವಾಸು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಓಣಿಯಲ್ಲಿ ಪಾಲಾಗದ ಮನೆ ಯಾವುದಿದೆ ಹೇಳಿ.

‘ಫುಕಟ್ ಯಾಕ ಮಾಡ್ತಾರ?’ ಎಂದು ನಮ್ಮವರು ಕೇಳಿದರು.

‘ಗೊತ್ತಿಲ್ಲಣ್ಣ. ಕಗ್ಗಂಟು ಕಂಡ್ರ ಬಿಡಿಸದ ಕುಂದ್ರಲಿಕ್ಕೆ ಆಗದ ಮಂದಿ ಇರ್ತಾರಲ್ಲ.’

ಎದ್ದ ಚೀಟಿಯ ಮೂಲೆ ಕಂಡರೆ ಎಳೆಯದೆ ಬಿಡದ ನನಗೆ ಅವರ ಮೇಲೆ ನಂಬಿಕೆ ಬಂತು.

ವಾಸು ಅವರಿಗೆ ಇ-ಮೇಲಿನಲ್ಲಿ ಪತ್ರ ಬರೆದ. ಅವನದು ಮಾಸ್ತರರ ಇಂಗ್ಲಿಷು: ಮೊದಲು ಕ್ಷೇಮ, ಆಮೇಲೆ ವಿನಂತಿ, ಕಡೆಗೆ ಮುಂಗಡ ವಂದನೆ. ಬಂದ ಉತ್ತರ ಒಂದೇ ಸಾಲು: ಸ್ಯಾಂಪಲ್ ಎಲ್ಲಿ? ನಮಸ್ಕಾರವಿಲ್ಲ, ಹೆಸರಿಲ್ಲ. ವಾಸು ಅದಕ್ಕೆ ಉತ್ತರ ಬರೆದರೆ ಇನ್ನೊಬ್ಬ ಬೈದ: ಉತ್ತರವನ್ನು ಹಳೆಯ ಪತ್ರದ ಮೇಲೆ ಬರೆಯಬಾರದು, ಕೆಳಗೆ ಬರೆಯಬೇಕು. ಅತ್ತೆಗೆ ಇದನ್ನು ಓದಿ ಹೇಳಿದಾಗ ಬಹಳ ಮೆಚ್ಚಿಗೆಯಾಯಿತು. ‘ಅವರೊಳಗೂ ಮಡಿ ಅದ ಅಂತಾಯ್ತು’ ಎಂದರು.

ಸ್ಯಾಂಪಲ್ ಎಂದರೆ ಒಂದು ತುಣುಕು, ಹತ್ತು ಸೆಕೆಂಡು ಸಾಕು. ವಾಸು ಮದುವೆಯ ಮೊದಲ ತುಣುಕನ್ನು ಕಳಿಸಿದ. ಅದು ಬರೀ ಹೆಸರು ಬರೆದ ಹಲಗೆ ಇದ್ದಿರಬೇಕು. ಗಾತ್ರ ನೋಡಿದರೆ ಇದರಲ್ಲಿ ಏನೂ ಅಲುಗುವಂತಿಲ್ಲ, ಜನ ಓಡಾಡುವ ತುಣುಕು ಬೇಕು ಎಂದು ಉತ್ತರ ಬಂತು. ಮತ್ತೂ ಒಂದು ಮಾತು: ಆ ತುಣುಕು ಎಲ್ಲರಿಗೂ ಕಾಣುವಂತೆ ಲೈಬ್ರರಿಯ ಜಾಗದಲ್ಲಿ ಇರುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಇಲ್ಲಿ ನಮ್ಮವರು ನಿಂತುಬಿಟ್ಟರು. ನಮ್ಮ ಧಂಧೆಯಲ್ಲಿ ಒಂದು ಮನೆಯ ಕ್ಯಾಸೆಟ್ಟು ಇನ್ನೊಂದು ಮನೆಯವರ ಕಣ್ಣಿಗೆ ಬೀಳಬಾರದು. ಹಿಂದೆ ಯಾವುದೋ ಊರಿನ ಸ್ಟುಡಿಯೊದವನು ಯಾರದೋ ಮದುವೆಯನ್ನು ಕೇಬಲ್ಲಿನಲ್ಲಿ ಬಿಟ್ಟು, ಹೆಣ್ಣುಮಕ್ಕಳು ಕುಣಿದದ್ದನ್ನು ಊರೇ ನೋಡಿ, ಹೊಡೆದಾಟವಾಗಿತ್ತು. ಅಂದಿನಿಂದ ಇವರದು ಆಣೆ. ‘ಮಂದಿ ಮನಿ ಹೆಣಮಕ್ಕಳನ್ನ ದೇಶಾಂತರ ಹಂಚೂದಿಲ್ಲ’ ಎಂದರು.

‘ಹಂಚದಿದ್ರ ಬಿಚ್ಚೂದಿಲ್ಲಣ್ಣ.’

‘ಯಾವ ತುಣಕಿನ್ಯಾಗ ಏನದ ನಿನಗೆ ಗೊತ್ತದೇನು? ನೋಡಲಿಕ್ಕೇ ಬರೂದಿಲ್ಲ. ಯಾರ ಸೆರಗು ಜಾರಿದ್ದದ, ಯಾರು ಅಳಾಕತ್ತಾರ? ಕಣ್ಣು ಕಟಗೊಂಡು ಕಳಸೂದೇನು?’

ಅದೇ ಕಷ್ಟ. ನೋಡಿ ಆರಿಸುವಂತಿಲ್ಲ. ತಾರೀಖು ದಿನದಿನಕ್ಕೂ ಹತ್ತಿರ ಬರುತ್ತಿತ್ತು. ನಾನು ಗುಂಡಗುರ್ತಿಗೆ ಹೇಳಿ ಕಳಿಸಿದೆ. ಕೇಳಬೇಕಾದವಳು ಅವಳು.

ಸುಜಾತಾ ಬಂದು ಎಲ್ಲ ಕೇಳಿಸಿಕೊಂಡಳು. ‘ಅವರು ನೋಡ್ತಾರೇನ್ರಿ?’

‘ಬಿಚ್ಚಿದ ಮ್ಯಾಲ ನೋಡೇ ನೋಡ್ತಾರವ್ವ’ ಎಂದರು ನಮ್ಮವರು. ‘ಯಾರ್ ಯಾರ್ ನೋಡ್ತಾರ ನನಗ ಹೇಳಲಿಕ್ಕಾಗೂದಿಲ್ಲ. ಒಮ್ಮೆ ಹೋತಂದ್ರ ತಿರುಗಿ ಬರೂದಿಲ್ಲ.’

ಅವಳ ಅಪ್ಪ ಬೇಡವೆನ್ನುವಂತೆ ಕೈ ಅಲ್ಲಾಡಿಸಿದರು. ಸುಜಾತಾ ಫರ್ಸಿಯ ಸಂದಿಯನ್ನು ಬೆರಳಿನಿಂದ ಗೀರುತ್ತ ಕುಳಿತಳು. ಆಮೇಲೆ ಹೇಳಿದಳು: ‘ಇಲ್ಲಿ ಎಲೆ ಹಾಸಿ ಉಂಡವರೇ ನಾವ್ ನೋಡಿಲ್ಲ ಅಂತಾರ. ದೂರದವರಾದ್ರೂ ನೋಡ್ಲಿ ಬಿಡ್ರಿ.’

ನಮ್ಮವರು ತಾವೇ ಕಂಪ್ಯೂಟರು ಹಚ್ಚಿಕೊಟ್ಟರು. ವಾಸು ನಡುವಿನದೊಂದು ತುಣುಕು ಕತ್ತರಿಸಿದ. ಸ್ಟೇಶನ್ ಕಡೆಯ ಸೈಬರ್ ಅಂಗಡಿಯಲ್ಲಿ ನಾವೆಲ್ಲ ಅವನ ಬೆನ್ನ ಹಿಂದೆ ನಿಂತೆವು. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ತೆವಳಿತು. ಅರ್ಧ ದಾರಿಗೆ ಬಂದಾಗ ಕರೆಂಟು ಹೋಯಿತು. ಮತ್ತೆ ಮೊದಲಿನಿಂದ. ಇನ್ನೊಮ್ಮೆ ಟೆಲಿಫೋನು ಲೈನು ಸತ್ತಿತು. ಅಂಗಡಿಯವನು ‘ಏನ್ ಕಳಸ್ತೀರಿ ಸರ್, ಸಿಮೆಂಟೇನು?’ ಎಂದ. ಕಡೆಗೂ ಹೋಯಿತು. ಹೋದ ಮೇಲೆ ಸುಜಾತಾಳ ಅಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಮಗಳನ್ನು ಎರಡನೆಯ ಸಲ ಕಳಿಸಿಕೊಟ್ಟವರ ಮುಖ.

ಆಮೇಲಿನ ದಿನಗಳು ನನಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಿರದ ದಿನಗಳು. ಸಾರಿಗೆ ಎರಡು ಸಲ ಹಾಕಿದ ದಿನವೂ ಇದೆ. ಲೈಬ್ರರಿಯವರಿಂದ ಉತ್ತರವಿಲ್ಲ. ವಾಸು ಸೇಡಂನಿಂದ ಪಕ್ಕದ ಮನೆಗೆ ಫೋನು ಮಾಡಿ ‘ಇನ್ನೂ ಇಲ್ಲ ವೈನಿ’ ಎನ್ನುವನು. ವಾಡಿಯಿಂದ ಸುದ್ದಿ ಬಂದಿತ್ತು: ಮಿಲಿಂದನ ಅಣ್ಣ ಆಗಲೇ ಜವಾನನ ಖಾಕಿ ಬಟ್ಟೆ ಹೊಲಿಯಲು ಹಾಕಿದ್ದಾನೆ ಎಂದು.

ತಾರೀಖಿಗೆ ಇನ್ನು ವಾರವಷ್ಟೇ ಇದೆ ಎನ್ನುವಾಗ ವಾಸು ವಾರದ ನಡುವೆಯೇ ರಜೆ ಹಾಕಿ ಬಂದ. ಕೈಯಲ್ಲಿ ಒಂದು ಕಾಗದ. ಲೈಬ್ರರಿಯವರಲ್ಲೊಬ್ಬ ತುಣುಕನ್ನು ಬಿಚ್ಚಿ, ಒಂದು ಚಿತ್ರ ಕಳಿಸಿದ್ದ. ಜೊತೆಗೆ ಒಂದು ಪ್ರಶ್ನೆ: ನಿಮ್ಮ ಕಡೆ ಮದುವೆಯಲ್ಲಿ ಮುಖಕ್ಕೆ ನೀಲಿ ಬಳಿದುಕೊಳ್ಳುವ ಪದ್ಧತಿ ಇದೆಯೇ, ಅಥವಾ ಇದು ನನ್ನ ತಪ್ಪೇ?

ಚಿತ್ರದಲ್ಲಿ ಊಟದ ಪಂಕ್ತಿ. ಎಲ್ಲರ ಮುಖ, ಕೈ, ಕುತ್ತಿಗೆ ನೀಲಿ. ಸುಜಾತಾಳ ಅಪ್ಪ ನೀಲಿ ಕೈಯಲ್ಲಿ ಹುಗ್ಗಿಯ ಸೌಟು ಹಿಡಿದು ಬಾಗಿದ್ದಾರೆ. ಕೆಳಗೆ ಕುಳಿತ ಮಿಲಿಂದನ ಅಣ್ಣ ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಸಾಕು ಸಾಕು ಎನ್ನುತ್ತಿದ್ದಾನೆ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ‘ಎಲ್ಲಾರೂ ಕೃಷ್ಣಪರಮಾತ್ಮ ಕಂಡಂಗ ಕಾಣಸ್ತಾರಲ್ಲೋ’ ಎಂದರು.

ಸುದ್ದಿ ಕೇಳಿ ಮಗಳೊಡನೆ ಬಂದಿದ್ದ ಸುಜಾತಾಳ ಅಪ್ಪ ಕಟ್ಟೆಯಿಂದಲೇ, ‘ನೀಲಿ ನಮ್ಮದೇ ಬಣ್ಣ ಬಿಡ್ರಿ ಅವ್ವಾರ’ ಎಂದರು.

ಅತ್ತೆ ಅವರನ್ನು ನೋಡಿದರು, ಚಿತ್ರವನ್ನು ನೋಡಿದರು. ‘ಬಿಸಲಾಗ ಯಾಕ ಕುಂತೀರಿ, ಒಳಗ ಬರ್ರಿ’ ಎಂದರು. ಅಷ್ಟೇ. ಮಿಕ್ಕಿದ್ದನ್ನು ನೀವು ಕಥೆ ಮಾಡಿಕೊಳ್ಳಬೇಡಿ. ಅವರು ಹೋದ ಮೇಲೆ ನೆಲ ಒರೆಸಿಸಿದ್ದೂ ನಿಜ.

ಪದ್ಧತಿಯಲ್ಲ, ತಪ್ಪೇ ಎಂದು ವಾಸು ತಿಳಿಸಿದ. ಆತ, ಸರಿ, ತಿದ್ದುತ್ತೇನೆ, ಆದರೆ ಊರಿಗೆ ಹೊರಟಿದ್ದೇನೆ, ಬಂದ ಮೇಲೆ ಎಂದ. ಬರುವುದು ನಮ್ಮ ತಾರೀಖಿನ ಆಚೆಗೆ. ಇರಲಿ ಎಂದು ವಾಸು ಇದ್ದ ಲೈಬ್ರರಿಯನ್ನೇ ಇಳಿಸಿ ನಮ್ಮ ಕಂಪ್ಯೂಟರಿಗೆ ಹೊಂದಿಸಿದ. ಕಪ್ಪು ಪರದೆಯಲ್ಲಿ ಮದುವೆ ಎದ್ದು ಬಂತು. ದನಿ ಸ್ಪಷ್ಟ, ಮಂದಿಯೆಲ್ಲ ನೀಲಿ. ಸುಜಾತಾ ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು. ಮಿಲಿಂದ ನಕ್ಕಾಗ ಹಲ್ಲು ಮಾತ್ರ ಬೆಳ್ಳಗೆ ಕಂಡಿತು. ಅದನ್ನೇ ಸೀಡಿಗೆ ಇಳಿಸಿದೆವು.

ಚಿತ್ತಾಪುರದ ಕಚೇರಿಯಲ್ಲಿ ಟಿವಿ ಇರಲಿಲ್ಲ. ನಮ್ಮ ಮನೆಯದನ್ನೇ ಕೌದಿಯಲ್ಲಿ ಸುತ್ತಿ, ಸೀಡಿ ಪ್ಲೇಯರಿನ ಜೊತೆ ಟಂಟಂ ಆಟೊದಲ್ಲಿ ಒಯ್ದೆವು. ವಾಡಿ ದಾಟುವಾಗ ತಗ್ಗು ಬಂದಲ್ಲೆಲ್ಲ ಸುಜಾತಾ ಮಗುವನ್ನು ಹಿಡಿದಂತೆ ಟಿವಿಯನ್ನು ತಬ್ಬಿ ಹಿಡಿದಳು. ಸಾಹೇಬರ ಮೇಜಿನ ಮೇಲೆ ಇಟ್ಟು ಹಚ್ಚಿದರೆ ವೋಲ್ಟೇಜು ಸಾಲದೆ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿತು. ಎದುರು ಬೆಂಚಿನಲ್ಲಿ ಮಿಲಿಂದನ ಅಣ್ಣ, ಪಕ್ಕದಲ್ಲಿ ತಾಯಿ. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು.

ಸಾಹೇಬರು ಬಾಗಿ ನೋಡಿದರು. ‘ಏನ್ರಿ ಇದು, ನೀಲಿ ಮಂದಿ?’

ವಾಸು ಬಿಡಿಸಿ ಹೇಳತೊಡಗಿದ. ಅಷ್ಟರಲ್ಲಿ ಮಿಲಿಂದನ ಅಣ್ಣ ಎದ್ದ. ‘ಇದು ನಾಟಕ ಅದ ಸಾಹೇಬ್ರ. ಈಗ ಕಂಪ್ಯೂಟರಿನ್ಯಾಗ ಏನ್ ಬೇಕಾದ್ದು ಮಾಡ್ತಾರ. ಅದು ನನ್ನ ತಮ್ಮ ಅಂತ ಹ್ಯಾಂಗ ಹೇಳ್ತೀರಿ? ಬಣ್ಣ ಬಳಕೊಂಡ ಯಾವನೋ ಒಬ್ಬ.’

ಸಾಹೇಬರು ಪೆನ್ನು ಕೆಳಗಿಟ್ಟು, ‘ಖರೇನೇ ಮಾರಿ ಗುರ್ತು ಹತ್ತವಲ್ದು’ ಎಂದರು. ಟಿವಿ ತನ್ನ ಪಾಡಿಗೆ ನಡೆದಿತ್ತು. ಸುಜಾತಾ ಕುಳ್ಳಿ, ಅವಳಿಗೆ ಹಾರ ಹಾಕಲು ಅನುಕೂಲವಾಗಲೆಂದು ಮಿಲಿಂದ ತಮಾಷೆಗೆ ಮೊಣಕಾಲಿನವರೆಗೆ ಬಗ್ಗುತ್ತಿದ್ದ, ಸುತ್ತಲಿನವರು ನಗುತ್ತಿದ್ದರು. ಆ ನಗೆಗೆ ತಾಯಿ ತಲೆ ಎತ್ತಿದಳು. ಎತ್ತಿದವಳು ನೋಡಿದಳು. ಮುಖದ ಬಣ್ಣ ಆಕೆಗೆ ಕಾಣಿಸಿದಂತೆಯೇ ಇರಲಿಲ್ಲ.

‘ಇಷ್ಟ್ಯಾಕ ಬಾಗ್ತಿ ಮಿಲ್ಯಾ, ನೆಟ್ಟಗ ನಿಂದ್ರು’ ಎಂದಳು.

ಒಂದು ಉಸಿರು ತಡವಾಗಿ, ಟಿವಿಯ ಒಳಗಿನ ಗದ್ದಲದಲ್ಲಿ, ಅದೇ ದನಿ ಅದೇ ಮಾತನ್ನು ಹೇಳಿತು: ಇಷ್ಟ್ಯಾಕ ಬಾಗ್ತಿ ಮಿಲ್ಯಾ, ನೆಟ್ಟಗ ನಿಂದ್ರು.

ಮನೆಯಲ್ಲಿ ನಾವೂ ಆ ದನಿ ಕೇಳಿದ್ದೆವು, ಯಾರೋ ಹೆಂಗಸು ಎಂದುಕೊಂಡು ಬಿಟ್ಟಿದ್ದೆವು. ಹಿರಿಮಗ ‘ಅವ್ವಾ’ ಎಂದ. ಆಕೆ ಅವನ ಕಡೆ ತಿರುಗಲಿಲ್ಲ. ಸಾಹೇಬರು ಟಿವಿಯ ಕಡೆ, ಆಕೆಯ ಕಡೆ ನೋಡಿ, ಪೆನ್ನು ಎತ್ತಿಕೊಂಡು ಬರೆಯತೊಡಗಿದರು. ಟಿವಿಯಲ್ಲಿ ಹೂವಿನ ಎಸಳು ಬೀಳುತ್ತಿದ್ದವು. ಸುಜಾತಾ ಎದ್ದು ಹೋಗಿ ತನ್ನ ಅತ್ತೆಯ ಪಕ್ಕ, ಬೆಂಚಿನ ಖಾಲಿ ತುದಿಯಲ್ಲಿ ಕುಳಿತು ಮಿಕ್ಕ ಮದುವೆ ನೋಡಿದಳು.

ನೌಕರಿ ಅವಳಿಗೆ ಬಂತು. ಬಣ್ಣ ತಿದ್ದಿದ ಮೇಲೆ ಎರಡು ಸೀಡಿ ಮಾಡಿಕೊಟ್ಟೆವು. ಎರಡನೆಯದು ಯಾರಿಗೆ ಎಂದು ನಾನು ಕೇಳಲಿಲ್ಲ. ‘ವಾಡಿಗಿ ಹೋಗಿ ಕೊಟ್ಟು ಬರ್ತೀನಿ’ ಎಂದು ಅವಳೇ ಹೇಳಿದಳು.

ಇಷ್ಟು ನೆನಪು ಆ ಚೀಟಿಯ ಕೆಳಗೆ ಇತ್ತು. ಅಂಟಿನ ಕೈಯಲ್ಲೇ ವಾಸುವಿಗೆ ಫೋನು ಮಾಡಿದೆ. ಆ ಲೈಬ್ರರಿ ಇನ್ನೂ ಇದೆಯೇನೋ ಎಂದು ಕೇಳಿದೆ. ಅವನು ನಕ್ಕ. ‘ನಿಮ್ಮ ಕೈಯಾಗಿನ ಫೋನಿನ್ಯಾಗ ವಿಡಿಯೊ ನೋಡ್ತೀರಲ್ಲ ವೈನಿ, ಅದರೊಳಗೂ ಅದ ಇರಬಹುದು. ಎಲ್ಲಿ ಇಲ್ಲ ಅಂತ ಕೇಳ್ರಿ.’

‘ನಮ್ಮ ತುಣುಕು?’

‘ಅದೂ ಅದ. ಪರೀಕ್ಷಾಕ್ಕ ಇಟ್ಟುಕೊಂಡಾರ. ಲೈಬ್ರರಿಯಾಗ ಯಾರರೆ ಒಂದು ಅಕ್ಷರ ಬದಲಿಸಿದ್ರ, ಹಳೇದು ಯಾವುದೂ ಕೆಟ್ಟಿಲ್ಲಲಾ ಅಂತ ಮಶೀನು ಎಲ್ಲಾ ತುಣುಕು ಬಿಚ್ಚಿ ನೋಡ್ತದ. ಒಂದ ಚುಕ್ಕಿ ಹೆಚ್ಚುಕಡಿಮಿ ಆದ್ರೂ ಮುಂದ ಬಿಡೂದಿಲ್ಲ. ಹೆಚ್ಚುಕಮ್ಮಿ ದಿನಾನೂ ನಡೀತದ.’

ನಮ್ಮ ಪದ್ಧತಿ ಒಂದರ ಮೇಲೊಂದು ಬರೆಯುವುದು. ಆ ಮುಖವಿಲ್ಲದ ಮಂದಿಯ ಪದ್ಧತಿ, ಹೊಸದು ಬರೆಯುವ ಮುಂಚೆ ಹಳೆಯದು ಹಾಗೇ ಇದೆಯೇ ಎಂದು ನೋಡಿಕೊಳ್ಳುವುದು. ಆಮೇಲೆ ಸುಜಾತಾಳಿಗೆ ಫೋನು ಹಚ್ಚಿದೆ. ಅವಳೀಗ ಚಿತ್ತಾಪುರದ ಅದೇ ಕಚೇರಿಯಲ್ಲಿ ಗುಮಾಸ್ತೆ. ಅಪ್ಪ ತೀರಿಕೊಂಡು ಕೆಲವು ವರ್ಷವಾಯಿತು. ವಾಸು ಹೇಳಿದ್ದನ್ನು ನನಗೆ ತಿಳಿದಂತೆ ಹೇಳಿದೆ.

‘ದಿನಾ ನೋಡ್ತಾರೇನ್ರಿ ಅಕ್ಕಾ?’

‘ಮಶೀನ್ ನೋಡ್ತದಂತ.’

ಆ ಕಡೆ ಯಾರೋ ಕಡತ ಕೇಳಿದರು. ಅವಳು ‘ಒಂದ ನಿಮಿಷ ನಿಂದರ್ರಿ ಸರ’ ಎಂದು ಅವರಿಗೆ ಹೇಳಿ, ನನಗೆ ಹೇಳಿದಳು: ‘ಹಂಗಂದ್ರ ನಮ್ಮಪ್ಪ ದಿನಾ ಬಡಸಾಕತ್ತಾನ. ಆ ಭಾವ ದಿನಾ ಸಾಕು ಸಾಕು ಅನ್ನಾಕತ್ತಾನ.’

ಫೋನು ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಒಂದು ಚಮಚ ಮೈದಾ ಕದಡಿ ಕಾಯಿಸಿದೆ. ಮೈಲುತುತ್ತ ಈಗ ಮನೆಯಲ್ಲಿಲ್ಲ. ಹುಳ ಹತ್ತಿದರೆ ಹತ್ತಲಿ ಎಂದು, ಐನಾಪುರದ ಚೀಟಿಯನ್ನು ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಸಿ, ಗುಂಡಗುರ್ತಿಯದನ್ನು ಮೇಲೆಯೇ ಬಿಟ್ಟೆ.